ಪುಟ್ಟನಂಜಯ್ಯನವರ ಕೈಗೆ ನಾನು ಹಾಕಿದ ಅಂಕ

ಹೋದ ತಿಂಗಳು ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಸೋಮವಾರ. ದೇವಸ್ಥಾನಕ್ಕೆ ಬಂದವರೆಲ್ಲ ಊರಿಗೆ ಮರಳುವ ಹೊತ್ತು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು "ವಸಿ ಇಟ್ಕಳಿ ಸಾ" ಎಂದು ಕೇಳುವ ಶಾಸ್ತ್ರ ಮುಗಿಸಿ, ನಾನು ಹೂಂ ಅನ್ನುವ ಮೊದಲೇ ತನ್ನ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಆಗ ತಾನೇ ಮುಡಿ ಕೊಟ್ಟು ಬಂದ ಮಗು. ನುಣ್ಣನೆಯ ತಲೆ, ಅದರ ತುಂಬ ಗಂಧ. ಬಸ್ಸು ಕುಲುಕಿದಾಗಲೆಲ್ಲ ಆ ತಲೆ ನನ್ನ ಗದ್ದಕ್ಕೆ ತಾಗಿ ಒದ್ದೆ ಗಂಧದ ವಾಸನೆ ಮೂಗಿಗೆ ಬರುತ್ತಿತ್ತು. ಬೇರೆಯವರಿಗೆ ಅದು ದೇವರ ವಾಸನೆ. ನಾನು ಮುಖ ಹಿಂದಕ್ಕೆ ಎಳೆದುಕೊಂಡೆ. ಆ ಮಗುವಿನ ಕಿವಿಯ ಮೇಲೆ, ನೆತ್ತಿಯಲ್ಲಿ, ಹಿಂದಲೆಯಲ್ಲಿ ಕಣ್ಣಾಡಿಸಿ ಹುಡುಕಿದೆ. ಎಲ್ಲೂ ಒಂದು ಗೀರಿರಲಿಲ್ಲ. ಮುಡಿ ತೆಗೆದ ಕೈ ಯಾರದೋ, ಚೆನ್ನಾಗಿತ್ತು.

ಕೈ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅಂಕ ಹಾಕುವುದೇ ಒಂದು ವರ್ಷ ಪೂರ್ತಿ ನನ್ನ ಕೆಲಸವಾಗಿತ್ತು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದ ಕಾಲ. ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಮೂಳೆ ಕೂಡಿದ ಮೇಲೆ ಬಿಗಿದುಕೊಂಡ ಕೈಕಾಲನ್ನು ಮತ್ತೆ ಆಡುವಂತೆ ಮಾಡುವವನು. ಆ ಹೆಸರು ಯಾರ ನಾಲಗೆಯ ಮೇಲೂ ಹೊರಳುತ್ತಿರಲಿಲ್ಲ. ಮೊದಮೊದಲು 'ಕೈ ಎಳ್ಯೋ ಸಾ' ಆಗಿದ್ದವನು ಆ ವರ್ಷದಿಂದ 'ಅಳ್ತೆ ಸಾ' ಆದೆ. ಅಳತೆಗೆ ಕಾರಣ ನಮ್ಮ ಮೂಳೆ ಡಾಕ್ಟರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಮಣಿಕಟ್ಟು ಮುರಿಯಲು ದೊಡ್ಡ ಅಪಘಾತವೇನೂ ಬೇಡ. ಜಾರಿ ಬೀಳುವವರು ಕೈ ಊರುತ್ತಾರೆ, ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ, ಮಣಿಕಟ್ಟಿನ ಮೂಳೆ ಚೂರಾಗುತ್ತದೆ. ಬಚ್ಚಲಲ್ಲಿ ಜಾರಿದವರು, ಗದ್ದೆಯ ಬದುವಿನಿಂದ ಉರುಳಿದವರು, ಮೊಪೆಡ್ಡಿನಿಂದ ಬಿದ್ದವರು, ಹೀಗೆ ವಾರಕ್ಕೆ ಇಬ್ಬರು ಮೂವರು ಬರುತ್ತಿದ್ದರು. ಬರೀ ಕಟ್ಟು ಹಾಕಿದರೆ ಸೊಟ್ಟಗೆ ಕೂಡುವಂಥ ಮುರಿತಕ್ಕೆ ಆಪರೇಷನ್ ಬೇಕು, ಅದಕ್ಕೆ ಎರಡು ದಾರಿ. ಒಂದು, ಕೈ ಕುಯ್ಯದೆ ಚರ್ಮದ ಮೇಲಿಂದಲೇ ಸಣ್ಣ ಉಕ್ಕಿನ ತಂತಿಗಳನ್ನು ಮೂಳೆಗೆ ತೂರಿಸಿ, ಮೇಲೆ ಹಿಟ್ಟಿನ ಕಟ್ಟು ಹಾಕಿ, ಆರು ವಾರದ ಮೇಲೆ ತಂತಿ ಕೀಳುವುದು. ಇನ್ನೊಂದು, ಕುಯ್ದು ತೆಗೆದು ಮೂಳೆಗೆ ಪ್ಲೇಟು ಕೂರಿಸಿ ಸ್ಕ್ರೂ ಬಿಗಿಯುವುದು. ಪ್ಲೇಟಿನವರು ಎರಡೇ ವಾರಕ್ಕೆ ಕೈ ಆಡಿಸಲು ಶುರು ಮಾಡಬಹುದು. ಆದರೆ ವರ್ಷ ಕಳೆದ ಮೇಲೆ ಯಾರ ಕೈ ಮೇಲು? ಡಾಕ್ಟರುಗಳಲ್ಲೇ ಒಮ್ಮತವಿರಲಿಲ್ಲ. ನಮ್ಮ ದೊಡ್ಡ ಡಾಕ್ಟರು, ಯಾರ್‍ಯಾರದೋ ಮಾತು ಯಾಕೆ, ನಮ್ಮ ಜನರ ಕೈಯಲ್ಲೇ ನೋಡಿಬಿಡೋಣ ಎಂದು ಹೊರಟರು. ಒಪ್ಪಿದ ರೋಗಿಗಳಿಗೆ ಒಂದು ಮುಚ್ಚಿದ ಲಕೋಟೆ. ಅದರೊಳಗಿನ ಚೀಟಿಯಲ್ಲಿ ತಂತಿ ಎಂದಿದ್ದರೆ ತಂತಿ, ಪ್ಲೇಟ್ ಎಂದಿದ್ದರೆ ಪ್ಲೇಟ್. ಆಮೇಲೆ ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ನಾನು ಅವರ ಮನೆಗೇ ಹೋಗಿ ಕೈ ಅಳೆದು, ಫಾರಂ ತುಂಬಿ, ನೂರಕ್ಕೆ ಎಷ್ಟು ಎಂದು ಅಂಕ ಹಾಕಬೇಕು. ಹದಿನಾರು, ಸುತ್ತೂರು, ಬಿಳಿಗೆರೆ, ಅತ್ತ ನರಸೀಪುರದವರೆಗೆ ನಾನು ಬ್ಯಾಗು ತಗುಲಿಸಿಕೊಂಡು ತಿರುಗಿದ ವರ್ಷ ಅದು.

ಪುಟ್ಟನಂಜಯ್ಯನವರು ಬಂದದ್ದು ಆಷಾಢದ ಕೊನೆಯಲ್ಲಿ. ಕಪಿಲೆಯ ಸ್ನಾನಘಟ್ಟದಲ್ಲಿ ಮುಡಿ ತೆಗೆಯುವವರು, ಐವತ್ತರ ಆಸುಪಾಸು. ಆ ಸಲ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಮೆಟ್ಟಿಲ ಮೇಲೇರಿ ನಿಂತಿತ್ತು. ನೀರೇನೋ ಇಳಿಯಿತು, ಮೆಟ್ಟಿಲ ಮೇಲೆ ಬೆರಳುದ್ದ ಗೋಡುಮಣ್ಣು ಉಳಿಯಿತು. ತಮ್ಮ ಕಲ್ಲನ್ನು ತೊಳೆಯಲು ಹೋದ ಪುಟ್ಟನಂಜಯ್ಯನವರು ಜಾರಿ ಬಲಗೈ ಊರಿದರು. ತಮ್ಮ ಕಲ್ಲು ಅಂದರೆ, ಮುಡಿ ತೆಗೆಯುವವರಿಗೆ ಒಬ್ಬೊಬ್ಬರಿಗೂ ಅಲ್ಲಿ ಒಂದೊಂದು ಕಲ್ಲಿತ್ತು. ಕಾಗದ ಪತ್ರ ಏನಿಲ್ಲ, ಅವರವರಲ್ಲೇ ಕಟ್ಟುಪಾಡು. ಕಾರ್ತೀಕದ ಸೋಮವಾರಗಳಲ್ಲಿ ಕಲ್ಲು ಖಾಲಿ ಬಿಟ್ಟವರು ಅದನ್ನು ಬಿಟ್ಟ ಹಾಗೇ ಲೆಕ್ಕ. ಅಪ್ಪನಿಂದ ಬಂದ ಆ ಒಂದು ಕಲ್ಲಲ್ಲದೆ ಅವರಿಗೆ ಹೊಲ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹೆಂಡತಿ ಮಾದೇವಮ್ಮ ಇದ್ದರು.

ದೊಡ್ಡ ಡಾಕ್ಟರು ಒಳ್ಳೆಯವರು. ಸುಳ್ಳು ಹೇಳುವವರಲ್ಲ. "ಎರಡೂ ಒಳ್ಳೇದೇ ಕಣ್ರೀ. ಯಾವುದು ಮೇಲು ಅಂತ ನಮಗೂ ಗೊತ್ತಿಲ್ಲ, ಅದಕ್ಕೇ ಈ ಲಕೋಟೆ. ಇಷ್ಟ ಇಲ್ಲ ಅಂದ್ರೆ ಬೇಡ ಅನ್ನಿ, ಬಲವಂತ ಇಲ್ಲ" ಎಂದು ಬಿಡಿಸಿ ಹೇಳಿ ಹೋದರು. ಅವರು ಅತ್ತ ಹೋದದ್ದೇ ಪುಟ್ಟನಂಜಯ್ಯನವರು ನನ್ನ ಕಡೆ ತಿರುಗಿದರು.

"ಡಾಕ್ಟ್ರಿಗೇ ಗೊತ್ತಿಲ್ವಾ ಸಾ?"

ಮಾದೇವಮ್ಮನವರೇ ಗಂಡನಿಗೆ ತಿಳಿಸಿ ಹೇಳಿದರು. "ಗೊತ್ತಿಲ್ಲ ಅಂತ ಯಾವ ಡಾಕ್ಟ್ರಾದ್ರೂ ಏಳ್ತಾರಾ? ಅವ್ರು ದೇವ್ರನ್ನ ಕೇಳ್ತಾವ್ರೆ ಕಣ. ನಮ್ಮೂರಲ್ಲಿ ಊವ ಕೇಳಕ್ಕಿಲ್ವಾ, ಅಂಗೆ."

ದೇವರ ಮೈಮೇಲೆ ಹೂವಿಟ್ಟು, ಮನಸ್ಸಿನಲ್ಲಿದ್ದುದನ್ನು ಕೇಳಿಕೊಂಡು, ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ನೋಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಹೆಣ್ಣು ತರುವುದಿರಲಿ, ಬಾವಿ ತೋಡುವುದಿರಲಿ, ಹೂವು ಕೇಳದೆ ನಡೆಯುವುದಿಲ್ಲ. ಮಾದೇವಮ್ಮ ಆಸ್ಪತ್ರೆಯ ನಲ್ಲಿಯಲ್ಲಿ ಕಾಲು ಮುಖ ತೊಳೆದುಕೊಂಡು ಬಂದರು. ನಂಜುಂಡಪ್ಪನ ಗೋಪುರ ಯಾವ ಕಡೆ ಎಂದು ಕೇಳಿ ಆ ಕಡೆಗೆ ನಿಂತು, ಲಕೋಟೆಯನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟರು. ಒಡೆದೆ. ತಂತಿ ಎಂದಿತ್ತು. "ನಂಜುಂಡಪ್ಪ ತಂತಿ ಅಂದ" ಎಂದರು ಪುಟ್ಟನಂಜಯ್ಯ. ಅಷ್ಟು ನೋವಿನಲ್ಲೂ ಅವರ ಮುಖ ಹಗುರವಾಯಿತು.

ಆ ಸಂಜೆ ಕ್ಯಾಂಟೀನಿನಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ನಾನೂ ನಕ್ಕಿದ್ದೇ ನಕ್ಕಿದ್ದು. ದೇವರು ಕೊಟ್ಟ ಚಿಕಿತ್ಸೆಯ ಮೇಲೆ ಯಾರೂ ದೂರು ಹೇಳುವುದಿಲ್ಲ ಎಂಬ ಸಣ್ಣ ವಿಷಯ ನನಗೆ ಹೊಳೆಯಲಿಲ್ಲ.

ನನ್ನ ಮಗಳು ಹುಟ್ಟಿದ್ದು ಅದೇ ವಾರ, ನರಸೀಪುರದಲ್ಲಿ, ನನ್ನ ಹೆಂಡತಿ ಸುಧಾಳ ತವರಿನಲ್ಲಿ. ನಾನು ವಾರ್ಡಿನಲ್ಲಿ ಸಕ್ಕರೆ ಹಂಚುವಾಗ ಪುಟ್ಟನಂಜಯ್ಯನವರು ಕಟ್ಟು ಹಾಕಿದ ಕೈಯನ್ನು ಎದೆಗಾನಿಸಿಕೊಂಡು ಎದ್ದು ಕೂತರು. "ಮೊದ್ಲ ಮುಡಿ ನನ್ ಕೈಲೇ ತಗೀಬೇಕು ಸಾ. ಮಕ್ಕಳ್ ತಲೆ ಅಂದ್ರೆ ಈ ಪುಟ್ನಂಜನೇ ಅಂತ ಯಾರ್‍ನ್ ಬೇಕಾದ್ರೂ ಕೇಳಿ" ಎಂದರು. ನಾನು ಆಯಿತು ಎಂದೆ. ಅದು ಬಾಯುಪಚಾರವಾಗಿರಲಿಲ್ಲ. ಅವರ ಮಾತು ನಿಜವೂ ಆಗಿತ್ತು. ಚಾಮರಾಜನಗರ, ಕೊಳ್ಳೇಗಾಲದ ಕಡೆಯವರೂ ಹಸುಗೂಸು ಎತ್ತಿಕೊಂಡು ಬಂದು ಪುಟ್ಟನಂಜಯ್ಯ ಎಲ್ಲಿ ಎಂದು ಹುಡುಕುತ್ತಿದ್ದರಂತೆ. ಮಕ್ಕಳು ಸುಮ್ಮನೆ ಕೂರುವುದಿಲ್ಲ, ಅಳುತ್ತವೆ, ಫಕ್ಕನೆ ತಿರುಗುತ್ತವೆ. "ತಲೆ ತಿರುಗಿದ ಕಡೆ ಕತ್ತಿ ತಿರುಗ್ಬೇಕು ಸಾ. ಅದು ಮಣಿಕಟ್ಟಲ್ಲಿರೋದು, ಕಣ್ಣಲ್ಲಲ್ಲ" ಎಂದು ಅವರು ಎಡಗೈಯಲ್ಲಿ ಅಭಿನಯಿಸಿ ತೋರಿಸಿದ್ದು ನೆನಪಿದೆ.

ಆರು ವಾರಕ್ಕೆ ತಂತಿ ಕಿತ್ತರು. ಕಟ್ಟು ಬಿಚ್ಚಿದಾಗ ಕೈ ಒಣಗಿದ ಸೌದೆಯ ಹಾಗಿತ್ತು. ಎಲ್ಲರದೂ ಹಾಗೇ ಇರುತ್ತದೆ. ದಿನಾ ಬೆಳಿಗ್ಗೆ ನನ್ನ ಕೋಣೆಗೆ ಬಂದು ಬಿಸಿನೀರಿನಲ್ಲಿ ಕೈಯಿಟ್ಟು, ಬೆರಳು ಮಡಿಸಿ ಬಿಡಿಸಿ, ನೀರು ತುಂಬಿದ ಚೊಂಬು ಹಿಡಿದು ತಿರುಗಿಸಿ, ನಾನು ಹತ್ತು ಸಲ ಎಂದರೆ ಇಪ್ಪತ್ತು ಸಲ ಮಾಡುತ್ತಿದ್ದರು. ಕಾರ್ತೀಕ ಹತ್ತಿರ ಬರುತ್ತಿತ್ತಲ್ಲ. ಮಣಿಕಟ್ಟು ಮೇಲೆ ಕೆಳಗೆ ಚೆನ್ನಾಗಿ ಆಡತೊಡಗಿತು. ಅಂಗೈ ಮೇಲಾಗಿ ಕೆಳಗಾಗಿ ತಿರುಗಿತು. ಹಿಡಿತವಂತೂ ನನ್ನ ಮೀಟರಿನ ಮುಳ್ಳನ್ನು ನನಗಿಂತ ಮೇಲೆ ಹತ್ತಿಸುತ್ತಿತ್ತು. ಪಕ್ಕಕ್ಕೆ ವಾಲುವುದು ಮಾತ್ರ ಬರಲಿಲ್ಲ. ಮೇಜಿನ ಮೇಲೆ ಅಂಗೈ ಊರಿ, ಮೊಣಕೈ ಅಲುಗಿಸದೆ, ಬೆರಳುಗಳನ್ನು ಕಿರುಬೆರಳಿನ ಕಡೆಗೆ ಒಯ್ಯಿರಿ ಎಂದರೆ ಮಣಿಕಟ್ಟು ಬೀಗ ಹಾಕಿದಂತೆ ನಿಂತುಬಿಡುತ್ತಿತ್ತು. ನಾನು ಅದನ್ನು ಅಳೆದೆ, ಬರೆದುಕೊಂಡೆ. ಫಾರಂನಲ್ಲಿ ಆ ವಾಲುವಿಕೆಗೆ ಇದ್ದ ಅಂಕ ತೀರಾ ಕಡಿಮೆ. ಹೋದರೆ ಹೋಗಲಿ ಅನ್ನುವಷ್ಟು.

ಆ ಫಾರಂ ಬಗ್ಗೆ ಹೇಳಬೇಕು. ಎಲ್ಲಿಂದಲೋ ಬಂದ ಇಂಗ್ಲಿಷ್ ಫಾರಂ, ಅದನ್ನು ಕನ್ನಡಕ್ಕೆ ಇಳಿಸಿದವನು ನಾನೇ. ಬಾಗಿಲ ಹಿಡಿ ತಿರುಗಿಸುವಾಗ ಕಷ್ಟವಾಗುತ್ತದೆಯೇ? ಚಾಕುವಿನಲ್ಲಿ ಕತ್ತರಿಸುವಾಗ? ಅಂಗಿಯ ಗುಂಡಿ ಹಾಕುವಾಗ? ಕುರ್ಚಿಯ ಕೈ ಊರಿ ಏಳುವಾಗ? ನಮ್ಮವರ ಮನೆಯಲ್ಲಿ, ಪುಟ್ಟನಂಜಯ್ಯನವರ ಮನೆಯನ್ನೇ ತೆಗೆದುಕೊಂಡರೆ, ಇದನ್ನು ಕೇಳುವುದೆಂದರೆ ಹೀಗೆ.

"ಬಾಗಿಲ ಹಿಡಿ ತಿರುಗಿಸ್ತೀರಾ?"

"ನಮ್ಮನೆ ಬಾಗ್ಲಿಗೆ ಇಡೀನೇ ಇಲ್ವಲ್ಲ ಸಾ. ಸರಪಣಿ."

"ಹಾಗಾದ್ರೆ ಕಷ್ಟ ಇಲ್ಲ ಅಂತ ಬರೀಲಾ?"

"ಬರ್‍ಕಳಿ. ಇಲ್ದಿದ್ದುಕ್ಕೆ ಏನ್ ಕಷ್ಟ?"

ಪೂರ್ತಿ ಅಂಕ. ಕುರ್ಚಿ ಇಲ್ಲ, ಪೂರ್ತಿ ಅಂಕ. ಚಾಕು ಇಲ್ಲ, ಮಾದೇವಮ್ಮ ಈಳಿಗೆ ಮಣೆಯಲ್ಲಿ ಹೆಚ್ಚುತ್ತಾರೆ, ಪೂರ್ತಿ ಅಂಕ. ನೋವಿದೆಯೇ ಎಂಬ ಪ್ರಶ್ನೆಗಂತೂ ಪ್ಲೇಟಿನವರಾಗಲಿ ತಂತಿಯವರಾಗಲಿ ಎಲ್ಲರದೂ ಒಂದೇ ಉತ್ತರ. "ನಿಮ್ ದಯೆಯಿಂದ ಚೆನ್ನಾಗದೆ ಸಾ." ಹದಿನಾರಿನ ಒಬ್ಬ ಹೆಂಗಸು ಕಣ್ಣಲ್ಲಿ ನೀರು ತುಂಬಿಕೊಂಡು ಕೈ ನೀವಿಕೊಳ್ಳುತ್ತಲೇ ಚೆನ್ನಾಗಿದೆ ಎಂದಿದ್ದರು. ವಾಸಿಮಾಡಿದವರ ಎದುರಿಗೆ ವಾಸಿಯಾಗಿಲ್ಲ ಎಂದರೆ ಅವರ ಕೈಗುಣಕ್ಕೆ ಕೆಟ್ಟ ಮಾತು ಬಂತು ಎಂದು ಅರ್ಥ. ಮನೆಗೆ ಬಂದ ಡಾಕ್ಟರ ಕಡೆಯವನಿಗೆ ಹಾಗೆ ಹೇಳಿ ಕಳಿಸುವುದುಂಟೆ? ನನ್ನ ಅಜ್ಜಿಯೂ ಹೀಗೇ ಇದ್ದಳು. ಗೊತ್ತಿದ್ದೂ ನಾನು ಬರೆದುಕೊಂಡು ಹೋದೆ. ಬರೆಯುವುದು ಸುಲಭವಾಗಿತ್ತು. ಮಧ್ಯಾಹ್ನದ ಬಸ್ಸು ಸಿಗುತ್ತಿತ್ತು.

ಮೂರು ತಿಂಗಳ ಫಾರಂ ತುಂಬಲು ಪುಟ್ಟನಂಜಯ್ಯನವರನ್ನು ಹುಡುಕಿಕೊಂಡು ಸ್ನಾನಘಟ್ಟಕ್ಕೇ ಹೋದೆ. ಕಾರ್ತೀಕದ ಎರಡನೆಯ ಸೋಮವಾರ. ಬೆಳಗಿನ ಚಳಿ, ಹೊಳೆಯ ಮೇಲೆ ಮಂಜು, ಮೆಟ್ಟಿಲ ತುಂಬ ಜನ. ಅವರು ತಮ್ಮ ಕಲ್ಲಿನ ಹತ್ತಿರವೇ ಇದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ದೂರದಿಂದಲೇ ಕೈ ಬೀಸಿದೆ. ಗಂಡಸೊಬ್ಬರನ್ನು ಕೂರಿಸಿ ತಲೆ ಬೋಳಿಸುತ್ತಿದ್ದರು. ಒಂದು ವಿಚಿತ್ರ ಕಂಡಿತು. ಅಕ್ಕಪಕ್ಕದವರೆಲ್ಲ ಒಂದೇ ಕಡೆ ಕೂತು ಗಿರಾಕಿಯ ತಲೆಯನ್ನು ಅತ್ತಿತ್ತ ತಿರುಗಿಸಿಕೊಂಡು ಕೆಲಸ ಮಾಡುತ್ತಿದ್ದರೆ, ಪುಟ್ಟನಂಜಯ್ಯನವರು ಕುಕ್ಕರಗಾಲಿನಲ್ಲಿ ತಲೆಯ ಸುತ್ತ ತಾವೇ ತಿರುಗುತ್ತಿದ್ದರು. ಒಂದು ಗೀಟು ಎಳೆದು ಒಂದು ಹೆಜ್ಜೆ, ಇನ್ನೊಂದು ಗೀಟು, ಇನ್ನೊಂದು ಹೆಜ್ಜೆ.

"ಏನು ಪುಟ್ಟನಂಜಯ್ಯನೋರೇ, ಗಿರಾಕಿಗೇ ಪ್ರದಕ್ಷಿಣೆ ಹಾಕ್ತಿದ್ದೀರಲ್ಲ!" ಎಂದೆ.

"ಅವ್ರೇ ದೇವ್ರು ಸಾ ನಮ್ಗೆ" ಎಂದು ನಕ್ಕರು.

ನಾನೂ ನಕ್ಕೆ. ಹಿಂದಿನ ಕೆಲಸಕ್ಕೆ ಮರಳಿದ್ದಾರೆಯೇ ಎಂಬಲ್ಲಿ ಹೌದು ಎಂದು ಬರೆದೆ. ಮಣಿಕಟ್ಟು ವಾಲದ ಮನುಷ್ಯ ಅದರ ಬದಲು ಮೈಯನ್ನೇ ವಾಲಿಸಿಕೊಂಡು ಬದುಕುತ್ತಿದ್ದಾನೆ ಎಂದು ಕೈಕಾಲಿನ ಚಲನೆಯನ್ನೇ ಓದಿಕೊಂಡ ನನಗೆ ಕಾಣಬೇಕಿತ್ತು. ಕಣ್ಣೆದುರಿಗೇ ಇತ್ತು. ನಾನು ಅದಕ್ಕೆ ತಮಾಷೆ ಮಾಡಿದೆ.

ಆರು ತಿಂಗಳ ಫಾರಂ ಮಾಘದಲ್ಲಿ, ಅವರ ಮನೆಯಲ್ಲಿ. ಅಂಗಿ ಗುಂಡಿಯ ಪ್ರಶ್ನೆಗೆ ಬಂದಾಗ, ಒಲೆ ಮುಂದಿದ್ದ ಮಾದೇವಮ್ಮ ಎದ್ದು ಬಂದರು.

"ಗುಂಡಿ ಆಕ್ತಾರೆ ಸಾ, ಎಲ್ಲ ಮಾಡ್ತಾರೆ. ಮಕ್ಕಳ್ ತಲೆ ಒಂದು ಮುಟ್ಟಕ್ಕಿಲ್ಲ. ಎಳೇ ಮಗ ಕರ್‍ಕಬಂದ್ರೆ ಕತ್ತಿ ಮೊಂಡಾಗದೆ ಅಂದ್ಬುಟ್ಟು ಪಕ್ಕದ ಕಲ್ಗೆ ಕಳಿಸ್ಬುಡ್ತಾರೆ..."

"ಸುಮ್ಕಿರೇ" ಎಂದರು ಪುಟ್ಟನಂಜಯ್ಯ. ನನ್ನ ಕಡೆ ತಿರುಗಿ, "ಚಳಿಗೆ ವಸಿ ಇಡ್ಕತದೆ ಸಾ, ಅಷ್ಟೇಯ. ಬಿಸ್ಲು ಬಂದ್ರೆ ಸರಿಓಯ್ತದೆ. ನಂಜುಂಡಪ್ಪನೇ ಕೊಟ್ಟ ಚೀಟಿ, ಅದ್ಯಾಕೆ ಸರಿಓಗಕ್ಕಿಲ್ಲ?" ಎಂದರು.

ಮಾದೇವಮ್ಮ ನನ್ನ ಮುಖವನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ನಾನು ಫಾರಂ ನೋಡಿದೆ. ಮಕ್ಕಳ ತಲೆಯ ಬಗ್ಗೆ ಅದರಲ್ಲಿ ಪ್ರಶ್ನೆ ಇರಲಿಲ್ಲ. ಕೂಡಿ ನೋಡಿದರೆ ನೂರಕ್ಕೆ ಎರಡೋ ಮೂರೋ ಕಡಿಮೆ. ಅತ್ಯುತ್ತಮ ಎಂಬ ಚೌಕದಲ್ಲಿ ಗುರುತು ಹಾಕಿ ಎದ್ದೆ.

ವೈಶಾಖದಲ್ಲಿ ಮಗಳಿಗೆ ಒಂಬತ್ತು ತಿಂಗಳು ತುಂಬಿತು. ಮುಡಿ ತೆಗೆಸಬೇಕು. ನರಸೀಪುರದಿಂದ ಅತ್ತೆ, ಹೆಂಡತಿ, ಸೋದರಮಾವನಾಗಿ ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳಲು ಬಾಮೈದ ಶಿವು, ಎಲ್ಲರೂ ಬಂದರು. ಸೋಮವಾರವೇ. ಬೆಳಿಗ್ಗೆ ಎಂಟಕ್ಕೇ ಮೆಟ್ಟಿಲುಗಳು ಕಾದು, ಕಾಲಿಟ್ಟರೆ ಚುರ್ ಅನ್ನುತ್ತಿದ್ದವು. ನಾನು ಎಲ್ಲರನ್ನೂ ಮುಂದಿಟ್ಟುಕೊಂಡು ನೇರವಾಗಿ ಪುಟ್ಟನಂಜಯ್ಯನವರ ಕಲ್ಲಿಗೆ ಹೋದೆ.

ಅವರು ನಮ್ಮನ್ನು ನೋಡಿ ಎದ್ದು ನಿಂತರು. ಮಗುವಿನ ಗಲ್ಲ ಮುಟ್ಟಿದರು, ಎಡಗೈಯಲ್ಲಿ. "ಪಕ್ಕದ ಕಲ್ಲಿನ ಮಾದೇವನ ಕೈಲಿ ತಗಿಸ್ಬುಡಿ ಸಾ. ಅವನ್ದು ಒಸ ಕತ್ತಿ. ನಂದು ವಸಿ ಮೊಂಡಾಗದೆ" ಎಂದರು.

ಇದೇ ಮಾತನ್ನು ನಾನು ಮಾದೇವಮ್ಮನ ಬಾಯಲ್ಲಿ ಕೇಳಿದ್ದೆ. ಮೂರು ತಿಂಗಳೂ ಆಗಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ನನಗೆ ಅದು ಸಂಕೋಚದಂತೆ ಕಂಡಿತೇ ಹೊರತು ಬೇರೇನೂ ಅನ್ನಿಸಲಿಲ್ಲ. ದೊಡ್ಡ ಮನುಷ್ಯನ ಧಾಟಿಯಲ್ಲಿ ಅವರ ಭುಜದ ಮೇಲೆ ಕೈಹಾಕಿ, ಅತ್ತೆಗೂ ಶಿವುಗೂ ಅಕ್ಕಪಕ್ಕದ ಕಲ್ಲಿನವರಿಗೂ ಕೇಳುವಂತೆ ಹೇಳಿದೆ. "ಇವರ ಕೈ ನೂರಕ್ಕೆ ನೂರು. ನಾನೇ ಅಳತೆ ಹಾಕಿದ್ದೀನಿ, ಆಸ್ಪತ್ರೆ ರೆಕಾರ್ಡಿನಲ್ಲಿದೆ. ಮೊದಲ ಮುಡಿ ಇವರೇ ತೆಗೀಬೇಕು ಅಂತ ಮಗು ಹುಟ್ಟಿದ ದಿನವೇ ಮಾತಾಗಿದೆ. ಅಲ್ವಾ ಪುಟ್ಟನಂಜಯ್ಯನೋರೇ?"

ಅವರು ಅಕ್ಕಪಕ್ಕದವರ ಕಡೆ ನೋಡಿದರು. ಅವರೆಲ್ಲ ಇವರನ್ನೇ ನೋಡುತ್ತಿದ್ದರು. ಇಲ್ಲ, ಆಗುವುದಿಲ್ಲ ಎಂದು ಅಲ್ಲಿ ಹೇಳಿದ್ದರೆ ಅವರ ಕೈ ಕೆಟ್ಟಿದೆ ಎಂದು ಅವರೇ ಸಾರಿದಂತಾಗುತ್ತಿತ್ತು. ಅಷ್ಟು ದಿನ ಒಂದು ಹೆಜ್ಜೆ ಒಂದು ಗೀಟು ಎಂದು ಸುತ್ತಿ ಉಳಿಸಿಕೊಂಡಿದ್ದ ಕಲ್ಲು ಅದು. "ಊ ಸಾ" ಎಂದು ಕೂತರು.

ಶಿವು ತೊಡೆಯ ಮೇಲೆ ಮಗುವನ್ನು ಇಟ್ಟುಕೊಂಡ. ತಲೆಗೆ ನೀರು ತಟ್ಟಿ ನೆನೆಸಿದರು. ನೆತ್ತಿಯಿಂದ ಮೊದಲ ಗೀಟು ಚೆನ್ನಾಗಿ ಬಂತು. ಎರಡನೆಯದೂ ಬಂತು. ಕೂದಲ ಎಳೆಗಳು ಸುಧಾಳ ಸೆರಗಿಗೆ ಬಿದ್ದವು. ಅರ್ಧ ತಲೆ ಆಗಿತ್ತು. ಅವರು ಎಡಗಿವಿಯ ಮೇಲಕ್ಕೆ ಬಂದಾಗ, ಕೆಳಗೆ ಹೊಳೆಯಲ್ಲಿ ಯಾರೋ ತಣ್ಣೀರು ತಾಗಿ ಹೋ ಎಂದು ಕೂಗಿದರು. ಮಗಳು ಫಕ್ಕನೆ ಆ ಕಡೆ ತಿರುಗಿದಳು. ತಲೆ ತಿರುಗಿತು, ಕತ್ತಿ ತಿರುಗಲಿಲ್ಲ.

ಅತ್ತೆಯ ಕೂಗು ಮೊದಲು ಕೇಳಿತು, ರಕ್ತ ಆಮೇಲೆ ಕಂಡಿತು. ಎಳೆಯ ತಲೆಯ ಗಾಯ ಚಿಕ್ಕದಾದರೂ ರಕ್ತ ಬಹಳ. ಮಗುವಿನ ಕಿವಿ, ಶಿವುವಿನ ಪಂಚೆ, ಸುಧಾಳ ಸೆರಗಿನಲ್ಲಿದ್ದ ಕೂದಲು, ಎಲ್ಲ ಕೆಂಪಾಯಿತು. "ಮುಡೀಲಿ ರಕ್ತ ಬೀಳ್ತಲ್ಲಪ್ಪಾ! ಯಾರ್ ಕೈಗೆ ಕೊಟ್ರಿ ನನ್ ಮಗೀನ?" ಎಂದು ಅತ್ತೆ ತಲೆಯ ಮೇಲೆ ಕೈಹೊತ್ತುಕೊಂಡು ಗೋಳಾಡಿದರು. ನೂರು ಜನ ಸೇರಿದರು. ನಾನು ಟವೆಲಿನಲ್ಲಿ ಗಾಯ ಒತ್ತಿ ಹಿಡಿದೆ. ಶಾಸ್ತ್ರ ಅರ್ಧಕ್ಕೆ ನಿಲ್ಲಬಾರದೆಂದು ಪಕ್ಕದ ಕಲ್ಲಿನ ಮಾದೇವ ಬಂದು ಉಳಿದರ್ಧ ತೆಗೆದು ಗಂಧ ಬಳಿದ. ರಕ್ತಕ್ಕೂ ಗಂಧಕ್ಕೂ ಕೂಡಿ ಒಂದು ವಾಸನೆ ಬಂತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿದ್ದವು. ಮಗುವಿಗೆ ಬೇರೇನೂ ಆಗಲಿಲ್ಲ, ಸಂಜೆಗೆ ಆಡಿಕೊಂಡಿದ್ದಳು.

ಪುಟ್ಟನಂಜಯ್ಯನವರು ಅಷ್ಟೂ ಹೊತ್ತು ಕಲ್ಲಿನ ಮೇಲೆ ಕೂತು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ನಾವು ಮೆಟ್ಟಿಲು ಹತ್ತುವಾಗ ತಿರುಗಿ ನೋಡಿದೆ. ಮುಂದಿನ ಸರದಿಯವರು ಅವರ ಕಲ್ಲು ದಾಟಿ ಮಾದೇವನ ಹತ್ತಿರ ಹೋಗಿ ಕೂರುತ್ತಿದ್ದರು.

ಮಾರನೆಯ ದಿನ ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಎಕ್ಸ್‌ರೇ ತೆಗೆಸಿ ಬಹಳ ಹೊತ್ತು ನೋಡಿದರು. ಮೂಳೆ ಚೆನ್ನಾಗಿ ಕೂಡಿತ್ತು. "ಪ್ಲೇಟ್ ಹಾಕಿದ್ದರೆ ಉಳೀತಿತ್ತಾ ಸಾರ್?" ಎಂದು ಕೇಳಿದೆ.

"ಹೇಳೋಕಾಗಲ್ಲ ಕಣ್ರೀ. ಪ್ಲೇಟಿನಲ್ಲೂ ಹೀಗೆ ಬಿಗಿದುಕೊಂಡವರಿದ್ದಾರೆ. ಒಬ್ಬರ ಕೈ ನೋಡಿ ಯಾವುದು ಮೇಲು ಅಂತ ಹೇಳೋದಾಗಿದ್ರೆ ನಾವು ಇಷ್ಟೆಲ್ಲ ಮಾಡಬೇಕಿರಲಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ವರ್ಷದ ಫಾರಂ ಬ್ಯಾಲೆನ್ಸ್ ಇದೆಯಲ್ಲ. ಅವರು ಏನು ಹೇಳ್ತಾರೋ ಅದನ್ನೇ ಬರೀರಿ. ನೀವು ಸೇರಿಸಬೇಡಿ, ತೆಗೀಬೇಡಿ" ಎಂದರು.

ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಈ ಸಲ ಪುಟ್ಟನಂಜಯ್ಯನವರು ನಿಜ ಹೇಳಲೇಬೇಕು, ಬೇರೆ ದಾರಿಯೇ ಇಲ್ಲ, ನಾನು ಬರೆದೇ ತೀರುತ್ತೇನೆ ಎಂದುಕೊಂಡೆ. ಬರೆದರೆ ಅವರಿಗೇನು ಸಿಗುತ್ತಿತ್ತು? ಏನೂ ಇಲ್ಲ. ಆದರೂ ಒಂದು ಕಾಗದದಲ್ಲಾದರೂ ಆ ಮನುಷ್ಯನಿಗೆ ಆದದ್ದು ಇದ್ದಂತೆ ಇರಲಿ ಎಂದು ನನಗೆ ಅನ್ನಿಸಿತ್ತು.

ಆಷಾಢದಲ್ಲಿ ಹೋದೆ. ಆ ವರ್ಷ ಮಳೆ ಹಿಡಿದಿರಲಿಲ್ಲ, ಹೊಳೆ ತಳ ಕಂಡಿತ್ತು. ಬಾಗಿಲ ಸರಪಣಿ ಅಲ್ಲಾಡಿಸಿದೆ. ಮಾದೇವಮ್ಮ ತೆಗೆದರು. ನನ್ನನ್ನು ನೋಡಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಕತ್ತಿಯ ಪೆಟ್ಟಿಗೆ ಮೂಲೆಯ ಗೂಡಿನಲ್ಲಿತ್ತು, ಮೇಲೆ ಬಟ್ಟೆ ಹೊದಿಸಿದ್ದರು. ಅವರ ಕಲ್ಲಿನಲ್ಲಿ ಆಗಲೇ ಬೇರೆ ಯಾರೋ ಕೂತಿದ್ದರು ಎಂದು ನನಗೆ ಗೊತ್ತಿತ್ತು.

ಕೈ ಅಳೆದೆ. ಮೇಲೆ, ಕೆಳಗೆ, ತಿರುವು, ಹಿಡಿತ, ಎಲ್ಲ ಚೆನ್ನಾಗಿತ್ತು. ಬಾಗಿಲ ಹಿಡಿ, ಚಾಕು, ಕುರ್ಚಿ, ಎಲ್ಲ ಕೇಳಿದೆ. ನೋವಿದೆಯೇ ಎಂದೆ. ಇಲ್ಲ ಎಂದರು. ಕೊನೆಗೆ ಆ ಪ್ರಶ್ನೆಗೆ ಬಂದೆ.

"ಹಿಂದೆ ಮಾಡ್ತಿದ್ದ ಕೆಲಸ ಈಗ ಮಾಡ್ತಿದ್ದೀರಾ?"

"ಮಾಡ್ತಾ ಇವ್ನಿ ಅಂತ ಬರ್‍ಕಳಿ ಸಾ."

"ಪುಟ್ಟನಂಜಯ್ಯನೋರೇ, ನಿಜ ಹೇಳಿ. ದೊಡ್ಡ ಡಾಕ್ಟ್ರಿಗೂ ಗೊತ್ತು. ಅವರೇ ನಿಜ ಬರಕೊಂಡು ಬಾ ಅಂತ ಕಳಿಸಿದ್ದಾರೆ."

ಅವರು ತಲೆ ಅಲ್ಲಾಡಿಸಿದರು. "ನೀವು ಎಲ್ಡು ಸತಿ ಚೆನ್ನಾಗದೆ ಅಂತ ಬರದಿದೀರಿ. ಈಗ ಇಲ್ಲ ಅಂತ ಬರದ್ರೆ, ಆವಾಗ ಯಾಕ್ ಅಂಗ್ ಬರದೆ ಅಂತ ನಿಮ್ಮನ್ನ ಕೇಳಕ್ಕಿಲ್ವಾ? ಇನ್ನೊಂದು, ನನ್ ಕೈ ಇಂಗಾಯ್ತು ಅಂತ ಎಸ್ರು ಬಂದ್ರೆ ನಾಳಿಕ್ಕೆ ತಂತಿ ಚೀಟಿ ಬಂದೋರು ಎದ್ರಿಕೋತಾರೆ. ನಂಗೆ ಬಂದದ್ದು ನನ್ ಪಾಲಿಂದು. ಅದು ಚೀಟಿ ತಪ್ಪಲ್ಲ, ಡಾಕ್ಟ್ರ ಕೈಗುಣದ ತಪ್ಪೂ ಅಲ್ಲ. ಬರ್‍ಕಳಿ ಸಾ, ಚೆನ್ನಾಗದೆ ಅಂತ."

ಅವರು ಹೇಳಿದ್ದನ್ನು ಬರೆಯಬೇಕು, ಸೇರಿಸಬಾರದು, ತೆಗೆಯಬಾರದು. ಹೌದು ಎಂದು ಬರೆದೆ. ಪುಟದ ಕೆಳಗೆ ಷರಾ ಎಂದು ನಾಲ್ಕು ಗೆರೆ ಜಾಗವಿತ್ತು, ಅದು ನನ್ನದು. ಅಲ್ಲಿ ನಾನು ಏನನ್ನಾದರೂ ಬರೆಯಬಹುದಿತ್ತು. ಪೆನ್ನು ಹಿಡಿದು ಕೂತೆ. ಬರೆದರೆ ಮೊದಲಿನ ಎರಡು ಫಾರಂಗಳ ಅಂಕಕ್ಕೆ ನಾನೇ ಉತ್ತರ ಹೇಳಬೇಕಾಗುತ್ತಿತ್ತು, ಅವರು ಹೇಳಿದ್ದು ಸರಿಯೇ ಇತ್ತು. ಖಾಲಿ ಬಿಟ್ಟು ಫಾರಂ ಮಡಿಸಿದೆ. ಮುಂದೆ ದೊಡ್ಡ ಡಾಕ್ಟರು ಎಲ್ಲರ ಅಂಕ ಕೂಡಿ ಕಳೆದು ನೋಡಿದಾಗ ತಂತಿಗೂ ಪ್ಲೇಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇರಬಹುದು, ನಿಜವಾಗಿಯೂ ಇಲ್ಲದಿರಬಹುದು. ನಾನು ತಂದುಕೊಟ್ಟ ಅಂಕಗಳಿಂದ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ನಾನು ಹೊರಡಲು ಎದ್ದಾಗ ಪುಟ್ಟನಂಜಯ್ಯನವರು ಬಾಗಿಲವರೆಗೆ ಬಂದರು.

"ಮಗೀಗೆ ಆ ಜಾಗ್ದಲ್ಲಿ ಕೂದ್ಲು ಬಂತಾ ಸಾ?"

"ಬಂತು" ಎಂದೆ. "ಗುರುತೇ ಇಲ್ಲ. ಎಲ್ಲ ಚೆನ್ನಾಗಿ ಬಂತು."

"ಅಷ್ಟ್ ಸಾಕು ಸಾ" ಎಂದು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನನಗೆ ಕೈಮುಗಿದರು.

ನನ್ನ ಮಗಳಿಗೆ ಈಗ ಇಪ್ಪತ್ತು ದಾಟಿದೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತಲೆ ಬಾಚುವಾಗ, ಎಡಗಿವಿಯ ಮೇಲಿನ ಆ ಬೋಳು ಗೆರೆಗೆ ಪಕ್ಕದ ಕೂದಲನ್ನು ಎಳೆದು ಪಿನ್ನು ಸಿಕ್ಕಿಸಿಕೊಳ್ಳುತ್ತಾಳೆ.